ಬೀದರಿನಿಂದ ಸಿಂಗಪುರಕ್ಕೆ ಸ್ವಂತ ಕಾರು ಒಯ್ಯುವುದು: ಸುಂಕ ಎಷ್ಟು, ಒಟ್ಟು ಖರ್ಚು ಎಷ್ಟು?

ಮಾಂಜ್ರಾ ತೀರದವ (ಬೀದರ್)

ಎಲ್ಲರಿಗೂ ಶರಣು.

ನನಗೆ ಸಿಂಗಪುರದಲ್ಲಿ ಕೆಲಸ ಸಿಕ್ಕಿದ್ದು, ಶೀಘ್ರದಲ್ಲಿಯೇ ಮಡದಿ ಮತ್ತು ಮಗಳೊಂದಿಗೆ ಅಲ್ಲಿಗೆ ಹೋಗಿ ನೆಲೆಸಬೇಕಾಗಿದೆ. ನನ್ನ ಬಳಿ ಕೆಎ-38 ನೋಂದಣಿಯ, 1,197 ಸಿಸಿಯ ಪೆಟ್ರೋಲ್ ಕಾರು ಇದೆ. ಅದಕ್ಕೆ ಎರಡು ವರ್ಷ ನಾಲ್ಕು ತಿಂಗಳಾಗಿದೆ. ಆನ್‌ರೋಡ್ ಬೆಲೆ ಸುಮಾರು 11 ಲಕ್ಷ ರೂಪಾಯಿ ಆಗಿತ್ತು. ಈಗ ಮಾರಲು ಹೊರಟರೆ 7 ಲಕ್ಷಕ್ಕಿಂತ ಹೆಚ್ಚು ಕೊಡಲು ಯಾರೂ ಸಿದ್ಧರಿಲ್ಲ. ಬ್ಯಾಂಕಿನ ಸಾಲವೂ ಒಂದಿಷ್ಟು ಬಾಕಿ ಇದೆ. ಇಷ್ಟು ನಷ್ಟಕ್ಕೆ ಮಾರುವ ಬದಲು ಜೊತೆಗೇ ಒಯ್ದರೆ ಹೇಗೆ ಎಂಬ ವಿಚಾರ ಬಂದಿದೆ. ಅಲ್ಲಿಯೂ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸುತ್ತಾರೆ ಎಂಬುದು ನನ್ನ ಧೈರ್ಯಕ್ಕೆ ಒಂದು ಕಾರಣ.

ನಮ್ಮ ಸೋದರಮಾವನವರು ಕೇಂದ್ರ ಸರ್ಕಾರದ ನೌಕರಿಯಲ್ಲಿ ಅಂಡಮಾನಿಗೆ ವರ್ಗವಾದಾಗ ಚೆನ್ನೈನಿಂದ ಹಡಗಿನಲ್ಲಿ ಕಾರು ಸಾಗಿಸಿಕೊಂಡಿದ್ದರು. ಆಗ ಸಾಗಣೆಯ ಬಾಡಿಗೆ ಬಿಟ್ಟರೆ ಯಾವ ಸುಂಕವೂ ಬಿದ್ದಿರಲಿಲ್ಲ. ವಾಸಸ್ಥಳ ಬದಲಿಸುವವರು ತಾವು ಬಳಸಿದ ವಸ್ತುಗಳನ್ನು ತಂದರೆ ಸುಂಕದ ವಿನಾಯಿತಿ ಸಿಗುತ್ತದೆ ಎಂದೂ ಕೇಳಿದ್ದೇನೆ. ಸಿಂಗಪುರದಲ್ಲಿ ಈ ವಿನಾಯಿತಿ ಕಾರಿಗೆ ಅನ್ವಯಿಸುತ್ತದೆಯೇ? ಇಲ್ಲವಾದರೆ ಬಂದರಿನಲ್ಲಿ ಕಾರು ಇಳಿದ ಮೇಲೆ ಏನೇನು ಕಟ್ಟಬೇಕಾಗುತ್ತದೆ? ಒಂದೆರಡು ವರ್ಷದ ಮಟ್ಟಿಗೆ ನಮ್ಮ ನಂಬರ್ ಪ್ಲೇಟಿನಲ್ಲಿಯೇ ಓಡಿಸಲು ಅವಕಾಶವಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಹುಮನಾಬಾದ್ ಹುಡುಗಿ (ಸಿಂಗಪುರ)

ಅಣ್ಣನವರೇ, ಶರಣು. ನಾನು ಹುಮನಾಬಾದ್ ಕಡೆಯವಳು. ಕೆಲವು ವರ್ಷಗಳಿಂದ ಇಲ್ಲಿ ವಾಸವಾಗಿದ್ದೇನೆ.

ಮೊದಲಿಗೆ ನಿಮ್ಮ ಮಾವನವರ ಉದಾಹರಣೆಯನ್ನು ಬದಿಗಿಡಿ. ಅಂಡಮಾನ್ ಸಮುದ್ರದಾಚೆ ಇದ್ದರೂ ಭಾರತದೊಳಗೇ ಇರುವುದರಿಂದ ಅಲ್ಲಿಗೆ ಒಯ್ದ ಕಾರು ಆಮದು ಎನಿಸಿಕೊಳ್ಳುವುದೇ ಇಲ್ಲ. ಬೀದರಿನ ಕಾರನ್ನು ಪುಣೆಗೆ ಒಯ್ದಾಗ ಯಾವ ಕಾನೂನು ಅನ್ವಯಿಸುತ್ತದೆಯೋ ಅಲ್ಲಿಯೂ ಅದೇ: 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಾದರೆ ಎನ್‌ಒಸಿ ಪಡೆದು ಹೊಸ ಸಂಖ್ಯೆ ಪಡೆಯಬೇಕು, ಅಷ್ಟೇ. ಸಿಂಗಪುರ ಬೇರೆ ದೇಶ, ಮತ್ತು ಕಾರಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನ ದೇಶ.

ವಿನಾಯಿತಿಯ ಬಗ್ಗೆ ನೀವು ಕೇಳಿದ್ದು ಅರ್ಧ ನಿಜ. ಇಲ್ಲಿಗೆ ವಾಸ ಬದಲಿಸುವವರು ಕನಿಷ್ಠ ಮೂರು ತಿಂಗಳು ತಮ್ಮ ಬಳಿ ಇದ್ದು ಬಳಸಿದ ಮನೆಸಾಮಾನನ್ನು, ಬಂದ ಆರು ತಿಂಗಳೊಳಗೆ ತರಿಸಿಕೊಂಡರೆ ಅದಕ್ಕೆ ಜಿಎಸ್‌ಟಿ ಬೀಳುವುದಿಲ್ಲ. ತಂದ ಮೇಲೆ ಮೂರು ತಿಂಗಳು ಮಾರಬಾರದು ಎಂಬ ಷರತ್ತೂ ಇದೆ. ಆದರೆ ಮದ್ಯ, ತಂಬಾಕು ಮತ್ತು ಮೋಟಾರು ವಾಹನಗಳನ್ನು ಈ ಸವಲತ್ತಿನಿಂದ ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ. ನಿಮ್ಮ ಫ್ರಿಜ್ಜು, ಮಂಚ, ಮಗಳ ಸೈಕಲ್ಲು ತೆರಿಗೆಯಿಲ್ಲದೆ ಬರುತ್ತವೆ, ಕಾರು ಬರುವುದಿಲ್ಲ.

ಎರಡನೆಯದಾಗಿ ವಯಸ್ಸಿನ ಮಿತಿ ಇದೆ. ಮೊದಲ ನೋಂದಣಿಯಾಗಿ ಮೂರು ವರ್ಷ ತುಂಬಿದ ಬಳಸಿದ ಕಾರನ್ನು ಇಲ್ಲಿಗೆ ಆಮದು ಮಾಡಿಕೊಳ್ಳುವಂತಿಲ್ಲ. ನಿಮ್ಮ ಕಾರಿಗೆ ಉಳಿದಿರುವುದು ಎಂಟು ತಿಂಗಳು. ಬಾಕಿ ಸಾಲ ತೀರಿಸಿ, ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರು ತೆಗೆಸಿ, ರಫ್ತಿನ ಕಾಗದಪತ್ರ ಮಾಡಿಸಿ, ಹೈದರಾಬಾದಿನ ಸನತ್‌ನಗರದ ಕಂಟೇನರ್ ಡಿಪೋದ ಮೂಲಕವೋ ನೇರವಾಗಿ ಮುಂಬೈ ಅಥವಾ ಚೆನ್ನೈ ಬಂದರಿನಿಂದಲೋ ಕಾರನ್ನು ಹಡಗಿಗೇರಿಸುವಷ್ಟರಲ್ಲಿ ಅದರಲ್ಲಿ ಒಳ್ಳೆಯ ಪಾಲು ಕಳೆದಿರುತ್ತದೆ. ಇದರ ಮೇಲೆ, ನಿಮ್ಮ ಕಾರಿನ ಮಾದರಿ ಇಲ್ಲಿನ ಸುರಕ್ಷತೆ ಮತ್ತು ಹೊಗೆ ಮಾನದಂಡಗಳಿಗೆ ಹೊಂದುತ್ತದೆ ಎಂಬುದನ್ನು ದಾಖಲೆಗಳಿಂದ ತೋರಿಸಬೇಕು. ಪೆಟ್ರೋಲ್ ಕಾರುಗಳಿಗೆ 2017ರ ಸೆಪ್ಟೆಂಬರಿನಿಂದಲೇ ಇಲ್ಲಿ ಯೂರೋ 6 ಎಂಬ ಹೊಗೆ ಮಾನದಂಡ ಕಡ್ಡಾಯವಾಗಿದೆ. ನಮ್ಮಲ್ಲಿ ಬಿಎಸ್ 6 ಬಂದದ್ದು 2020ರ ಏಪ್ರಿಲಿನಲ್ಲಿ. ಬಿಎಸ್ 6 ಎಂದು ಆರ್‌ಸಿಯಲ್ಲಿ ಬರೆದಿದ್ದರೆ ಸಾಕು ಎಂದು ತಿಳಿಯಬೇಡಿ.

ಇನ್ನು ಹಣದ ಲೆಕ್ಕ. ಇಲ್ಲಿನ ಕಸ್ಟಮ್ಸ್ ಇಲಾಖೆ ಕಾರಿನ ಬೆಲೆ, ಸಾಗಣೆ ಮತ್ತು ವಿಮೆ ಸೇರಿಸಿ ಒಂದು ಮೌಲ್ಯ ನಿಗದಿ ಮಾಡುತ್ತದೆ. ಅದನ್ನು ಒಎಂವಿ ಎನ್ನುತ್ತಾರೆ. ಲೆಕ್ಕಕ್ಕೆ ಅದನ್ನು 14,000 ಸಿಂಗಪುರ ಡಾಲರ್ ಎಂದು ಹಿಡಿಯೋಣ. ಅದರ ಮೇಲೆ ಶೇ. 20 ಅಬಕಾರಿ ಸುಂಕ, ಅಂದರೆ 2,800 ಡಾಲರ್. ಇವೆರಡೂ ಸೇರಿದ 16,800ರ ಮೇಲೆ ಶೇ. 9 ಜಿಎಸ್‌ಟಿ, ಅಂದರೆ 1,512 ಡಾಲರ್. ಇಲ್ಲಿಗೆ ಕಸ್ಟಮ್ಸಿನ ಬಾಬತ್ತು ಮುಗಿಯಿತು, ಒಟ್ಟು 4,312 ಡಾಲರ್. ಇಷ್ಟೇ ಆಗಿದ್ದರೆ ನಾನೂ ನಿಮಗೆ ತನ್ನಿ ಎನ್ನುತ್ತಿದ್ದೆ. ಜನ ಆಮದು ಸುಂಕದ ಬಗ್ಗೆಯೇ ಕೇಳುತ್ತಾರೆ, ಆದರೆ ಇಲ್ಲಿ ಸುಂಕ ಎನ್ನುವುದು ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ಹೊರಲಾಗದ ಭಾರವೆಲ್ಲ ನೋಂದಣಿಯಲ್ಲಿದೆ.

ನೋಂದಣಿ ಶುಲ್ಕ 350 ಡಾಲರ್. ಅದರ ಮೇಲೆ ಎಆರ್‌ಎಫ್ ಎಂಬ ಹೆಚ್ಚುವರಿ ನೋಂದಣಿ ಶುಲ್ಕವಿದೆ. ಒಎಂವಿಯ ಮೊದಲ 20,000 ಡಾಲರಿಗೆ ಇದು ಶೇ. 100, ನಂತರದ 20,000ಕ್ಕೆ ಶೇ. 140, ಹೀಗೆ ಏರುತ್ತಾ ಹೋಗಿ 80,000 ದಾಟಿದ ಭಾಗಕ್ಕೆ ಶೇ. 320 ಆಗುತ್ತದೆ. ನಿಮ್ಮ ಲೆಕ್ಕದಲ್ಲಿ ಅದು 14,000. ಬಳಸಿದ ಕಾರು ಎಂಬ ಕಾರಣಕ್ಕೆ ಇನ್ನೂ 10,000 ಡಾಲರ್ ಬೇರೆ. ಎಲ್ಲ ಕೂಡಿಸಿದರೆ 28,662 ಡಾಲರ್ ಆಯಿತು. ಡಾಲರಿಗೆ 65 ರೂಪಾಯಿ ಎಂದು ಕಡಿಮೆಯಲ್ಲೇ ಹಿಡಿದರೂ ಇದು 18 ಲಕ್ಷ 63 ಸಾವಿರ ರೂಪಾಯಿ. 7 ಲಕ್ಷದ ಕಾರಿಗೆ.

ನಿಜವಾದ ಹೊಡೆತ ಇನ್ನೂ ಮುಂದಿದೆ. ಇಲ್ಲಿ ಕಾರನ್ನು ನೋಂದಾಯಿಸಬೇಕಾದರೆ ಸಿಒಇ ಎಂಬ ಹಕ್ಕುಪತ್ರ ಬೇಕು. 1990ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಸರ್ಕಾರ ಇಷ್ಟು ಕಾರುಗಳಿಗೆ ಮಾತ್ರ ಜಾಗ ಎಂದು ನಿಗದಿ ಮಾಡಿ, ತಿಂಗಳಿಗೆ ಎರಡು ಬಾರಿ ಹರಾಜು ನಡೆಸುತ್ತದೆ. ಹಕ್ಕಿನ ಅವಧಿ ಹತ್ತು ವರ್ಷ. ಆಮೇಲೆ ಆಗಿನ ದರ ಕಟ್ಟಿ ಮುಂದುವರಿಸಬೇಕು, ಇಲ್ಲವೇ ಕಾರನ್ನು ರಸ್ತೆಯಿಂದ ತೆಗೆಯಬೇಕು. 2023ರ ಅಕ್ಟೋಬರಿನಲ್ಲಿ 1,600 ಸಿಸಿವರೆಗಿನ ಚಿಕ್ಕ ಕಾರುಗಳ ವರ್ಗದಲ್ಲಿ ಇದರ ದರ 1,06,000 ಡಾಲರಿಗೂ, ದೊಡ್ಡ ಕಾರುಗಳ ವರ್ಗದಲ್ಲಿ 1,50,001 ಡಾಲರಿಗೂ ಏರಿತ್ತು. ದರ ಹರಾಜಿನಿಂದ ಹರಾಜಿಗೆ ಬದಲಾಗುತ್ತದೆ. ಸುಮ್ಮನೆ ಒಂದು ಲಕ್ಷ ಡಾಲರ್ ಎಂದುಕೊಂಡರೂ 65 ಲಕ್ಷ ರೂಪಾಯಿ. ಹಿಂದಿನದನ್ನು ಕೂಡಿಸಿದರೆ 83 ಲಕ್ಷ ದಾಟುತ್ತದೆ, ಹಡಗಿನ ಬಾಡಿಗೆ ಬೇರೆ. ಈ ದೇಶದ ಒಟ್ಟು ವಿಸ್ತೀರ್ಣ ನಮ್ಮ ಬೀದರ್ ಜಿಲ್ಲೆಯ ಏಳರಲ್ಲಿ ಒಂದು ಪಾಲಿಗಿಂತ ಕಡಿಮೆ. ಅಷ್ಟು ಜಾಗದಲ್ಲಿ ಕಾರುಗಳ ಸಂಖ್ಯೆ ಬೆಳೆಯಬಾರದು ಎಂದು 2018ರ ಫೆಬ್ರವರಿಯಿಂದ ಬೆಳವಣಿಗೆಯ ದರವನ್ನೇ ಸೊನ್ನೆಗೆ ಇಳಿಸಿದ್ದಾರೆ. ಒಂದು ಹೊಸ ಕಾರು ರಸ್ತೆಗಿಳಿಯಬೇಕಾದರೆ ಹೆಚ್ಚುಕಡಿಮೆ ಒಂದು ಹಳೆಯ ಕಾರು ಹೋಗಬೇಕು.

ನಮ್ಮ ನಂಬರ್ ಪ್ಲೇಟಿನಲ್ಲಿ ಓಡಿಸುವ ವಿಚಾರವನ್ನೂ ಬಿಟ್ಟುಬಿಡಿ. ಹೊರದೇಶದ ನೋಂದಣಿಯ ಕಾರುಗಳು ಇಲ್ಲಿನ ರಸ್ತೆಯಲ್ಲಿ ಕಾಣುತ್ತವೆ. ಅವು ಹೆಚ್ಚಾಗಿ ಮಲೇಷ್ಯಾದಿಂದ ಸೇತುವೆ ದಾಟಿ ಬರುವವರದು. ಕೆಲಸದ ಪಾಸಿನ ಮೇಲೆ ಇಲ್ಲಿಯೇ ವಾಸಿಸುವವರು ಅಂಥ ಕಾರು ಓಡಿಸುವಂತಿಲ್ಲ.

ಚಿಟಗುಪ್ಪ ಮೂಲದವ (ಡಬ್ಲಿನ್)

ಅಕ್ಕನವರ ಲೆಕ್ಕ ನೋಡಿ ಗಾಬರಿಯಾಯಿತು. ಪ್ರಶ್ನೆ ಕೇಳಿದವರು ಕಾರಿನ ವಿನಾಯಿತಿಯ ಬಗ್ಗೆ ಕೇಳಿದ ಮಾತು ಪ್ರಾಯಶಃ ನಮ್ಮ ಐರ್ಲೆಂಡಿನಂಥ ಕಡೆಯದು. ಇಲ್ಲಿ ಐರೋಪ್ಯ ಒಕ್ಕೂಟದ ಹೊರಗೆ ಕನಿಷ್ಠ ಹನ್ನೆರಡು ತಿಂಗಳು ವಾಸವಿದ್ದು, ಕಾರನ್ನು ಬರುವ ಮೊದಲು ಆರು ತಿಂಗಳಾದರೂ ಸ್ವಂತಕ್ಕೆ ಬಳಸಿದ್ದು, ವಾಸ ಬದಲಿಸಿದ ಹನ್ನೆರಡು ತಿಂಗಳೊಳಗೆ ತಂದರೆ ಶೇ. 10 ಸೀಮಾಸುಂಕ, ಶೇ. 23 ವ್ಯಾಟ್ ಮತ್ತು ನೋಂದಣಿ ತೆರಿಗೆ ಮೂರರಿಂದಲೂ ವಿನಾಯಿತಿ ಕೇಳಬಹುದು. ತಂದ ಮೇಲೆ ಒಂದು ವರ್ಷ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಹೀಗಿದ್ದರೂ ಭಾರತದಿಂದ ಕಾರು ತಂದ ನಮ್ಮವರು ನನ್ನ ಕಣ್ಣಿಗೆ ಬಿದ್ದಿಲ್ಲ, ಏಕೆಂದರೆ ಬಿಡಿಭಾಗಗಳಿಗಾಗಿ ಪರದಾಡಬೇಕು, ಇಲ್ಲಿ ಮಾರಾಟವೇ ಆಗದ ಮಾದರಿಗೆ ವಿಮೆ ಮಾಡಿಸುವುದೂ ಕಷ್ಟ. ಒಂದು ದ್ವೀಪದ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದಕ್ಕಾಗಿ ಇಷ್ಟು ಬರೆದೆ.

ಮಾಂಜ್ರಾ ತೀರದವ (ಬೀದರ್)

ಇಬ್ಬರಿಗೂ ಧನ್ಯವಾದಗಳು. ಕಾರು ಒಯ್ಯುವ ಮಾತು ಇಲ್ಲಿಗೆ ಮುಗಿಯಿತು. ಈಗ ನನ್ನ ಮುಂದೆ ಎರಡು ದಾರಿಗಳಿವೆ. ಜಹೀರಾಬಾದಿನ ಒಬ್ಬರು 7 ಲಕ್ಷದ ಮೇಲೆ 20 ಸಾವಿರ ಕೊಡಲು ಒಪ್ಪಿದ್ದಾರೆ. ಇನ್ನೊಂದು ಕಡೆ ನಮ್ಮ ತಂದೆಯವರು, ಮನೆಯಲ್ಲಿಯೇ ಇರಲಿ, ನಾನು ಓಡಿಸುತ್ತೇನೆ ಎನ್ನುತ್ತಿದ್ದಾರೆ. ಆರ್‌ಸಿ ನನ್ನ ಹೆಸರಿನಲ್ಲಿಯೇ ಇದ್ದು ಅವರು ಓಡಿಸಿದರೆ ತೊಂದರೆ ಏನಾದರೂ ಇದೆಯೇ?

ಗಾಜೀಪುರದ ಗುಮಾಸ್ತ (ಕಲಬುರಗಿ)

ಸರ್, ವಾಹನ ವಿಮೆ ಮತ್ತು ಆರ್‌ಟಿಒ ಕಾಗದಗಳ ಕೆಲಸ ನನ್ನ ನಿತ್ಯದ ಕಸುಬು. ಆದ್ದರಿಂದ ಈ ಭಾಗಕ್ಕೆ ನಾನು ಉತ್ತರಿಸುತ್ತೇನೆ.

ಜಹೀರಾಬಾದ್ ನಿಮಗೆ ಹತ್ತಿರವಾದರೂ ಅದು ತೆಲಂಗಾಣ. ಅಲ್ಲಿಯವರಿಗೆ ಮಾರಿದರೆ ನಮೂನೆ 28ರಲ್ಲಿ ಎನ್‌ಒಸಿ ಪಡೆಯಬೇಕು, ಸಾಲ ತೀರಿದ ಮೇಲೆ ನಮೂನೆ 35ರಿಂದ ಬ್ಯಾಂಕಿನ ನಮೂದು ತೆಗೆಸಬೇಕು, ಕೊಂಡವರು ಅಲ್ಲಿನ ತೆರಿಗೆ ಕಟ್ಟಿ ಹೊಸ ಸಂಖ್ಯೆ ಪಡೆಯಬೇಕು. ನೀವು ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಒಂದು ಪಾಲು ಮರುಪಾವತಿಗೆ ಅರ್ಜಿ ಹಾಕಲು ಬರುತ್ತದೆ, ಆದರೆ ಊರು ಬಿಟ್ಟು ಹೋಗುವವರಿಗೆ ಅದರ ಹಿಂದೆ ಓಡಾಡುವವರು ಬೇಕಲ್ಲ. ಅದೇ ಭಾಲ್ಕಿಯವರಿಗೋ ಬಸವಕಲ್ಯಾಣದವರಿಗೋ ಮಾರಿದರೆ ಕೊಂಡವರು ಆಜೀವ ತೆರಿಗೆಯನ್ನು ಮತ್ತೆ ಕಟ್ಟಬೇಕಾಗಿಲ್ಲ. ನನ್ನನ್ನು ಕೇಳಿದರೆ, 20 ಸಾವಿರಕ್ಕಾಗಿ ಗಡಿ ದಾಟುವ ಬದಲು ಜಿಲ್ಲೆಯೊಳಗೇ ಗಿರಾಕಿ ನೋಡುವುದು ಲೇಸು. ಯಾರಿಗೆ ಮಾರಿದರೂ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ ಸುಮ್ಮನಾಗಬೇಡಿ. ಹೆಸರು ಬದಲಾದ ಆರ್‌ಸಿಯ ಪ್ರತಿ ಕೈಗೆ ಬರುವವರೆಗೆ ವಿಮಾನ ಹತ್ತದಿದ್ದರೆ ಒಳ್ಳೆಯದು. ಕಾನೂನಿನ ಲೆಕ್ಕದಲ್ಲಿ ಅಲ್ಲಿಯವರೆಗೆ ಅಪಘಾತದ ಹೊಣೆ ನಿಮ್ಮ ಹೆಸರಿಗೇ ಬಂದು ಕೂಡುತ್ತದೆ. ಫಾಸ್ಟ್ಯಾಗನ್ನೂ ಮುಚ್ಚಿಸಿ.

ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ಎನ್‌ಸಿಬಿ ರಿಯಾಯಿತಿ ಕಾರಿನದಲ್ಲ, ನಿಮ್ಮದು. ಮಾರಿದ ಕೂಡಲೇ ವಿಮಾ ಕಂಪನಿಯಿಂದ ಅದರ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಊರಿಗೆ ಮರಳಿ ಹೊಸ ಕಾರು ಕೊಂಡಾಗ ಬಳಸಬಹುದು.

ತಂದೆಯವರ ವಿಷಯಕ್ಕೆ ಬಂದರೆ, ಆರ್‌ಸಿ ನಿಮ್ಮ ಹೆಸರಿನಲ್ಲಿದ್ದು ಅವರು ಓಡಿಸುವುದರಲ್ಲಿ ಕಾನೂನಿನ ತೊಡಕಿಲ್ಲ. ಅವರ ಚಾಲನಾ ಪರವಾನಗಿ ಚಾಲ್ತಿಯಲ್ಲಿರಬೇಕು, ವಿಮೆ ಮತ್ತು ಹೊಗೆ ತಪಾಸಣೆಯ ಪತ್ರ ಸರಿಯಾಗಿರಬೇಕು. ಆದರೆ ಒಂದು ಅಂಶವನ್ನು ಬಹಳ ಜನ ಗಮನಿಸುವುದಿಲ್ಲ. ಪಾಲಿಸಿಯಲ್ಲಿ ಕಡ್ಡಾಯವಾಗಿ ಸೇರಿಸುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆಯಲ್ಲ, ಅದು ವಾಹನದ ಮಾಲೀಕನಿಗೆ ಮಾತ್ರ. ನೀವು ಸಿಂಗಪುರದಲ್ಲಿದ್ದು ತಂದೆಯವರು ಓಡಿಸುವ ಕಾರಿನಲ್ಲಿ ಆ ಹಣ ಯಾರಿಗೂ ಉಪಯೋಗಕ್ಕೆ ಬಾರದು. ವರ್ಷಗಟ್ಟಲೆ ಅವರೇ ಓಡಿಸುವುದಾದರೆ ಆರ್‌ಸಿಯನ್ನು ಅವರ ಹೆಸರಿಗೆ ಮಾಡಿಸಿ, ಹದಿನಾಲ್ಕು ದಿನದೊಳಗೆ ಪಾಲಿಸಿಯನ್ನೂ ವರ್ಗಾಯಿಸಿ. ಆಗ ನಿಮ್ಮ ಎನ್‌ಸಿಬಿ ಅವರಿಗೆ ಹೋಗುವುದಿಲ್ಲವಾದ್ದರಿಂದ ಉಳಿದ ಅವಧಿಯ ವ್ಯತ್ಯಾಸವನ್ನು ಕಂಪನಿ ಕಟ್ಟಿಸಿಕೊಳ್ಳುತ್ತದೆ.

ಹುಮನಾಬಾದ್ ಹುಡುಗಿ (ಸಿಂಗಪುರ)

ಗುಮಾಸ್ತ ಅಣ್ಣನವರು ಹೇಳಿದ್ದಕ್ಕೆ ಒಂದೇ ಸೇರ್ಪಡೆ. ಕಾರು ತರದಿದ್ದರೂ ನಿಮ್ಮ ಚಾಲನಾ ಪರವಾನಗಿ ಮತ್ತು ಅಂತರರಾಷ್ಟ್ರೀಯ ಪರವಾನಗಿ ಎರಡನ್ನೂ ತನ್ನಿ. ಇಲ್ಲಿನ ಪರವಾನಗಿಗೆ ಬದಲಿಸಿಕೊಳ್ಳಲು ಸಂಚಾರ ನಿಯಮಗಳ ಲಿಖಿತ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ನಿತ್ಯದ ಓಡಾಟಕ್ಕೆ ಎಂಆರ್‌ಟಿ ಎಂಬ ಮೆಟ್ರೋ ರೈಲು ಮತ್ತು ಬಸ್ಸು ಸಾಕು. ಊರಿನಿಂದ ಹಿರಿಯರು ಬಂದಾಗ ಗಂಟೆ ಲೆಕ್ಕದ ಬಾಡಿಗೆ ಕಾರು ಹಿಡಿದರೆ ಆಯಿತು, ಅದಕ್ಕೆ ಈ ಪರವಾನಗಿ ಬೇಕಾಗುತ್ತದೆ.