ಅಪ್‌ಡೇಟ್: ಜಪ ಮಾಡುತ್ತಾ ಕೆಲಸ ಹುಡುಕಿದ್ದು ಏನಾಯ್ತು?

ಕೆಲಸ ಹೋದಾಗ "'ನಮ್ ಮ್ಯೋಹೋ ರೆಂಗೆ ಕ್ಯೋ' ಅನ್ನೋ ಜಪಾನಿ ಬೌದ್ಧ ಮಂತ್ರ ಜಪಿಸಿದರೆ ಉಪಯೋಗ ಇದೆಯಾ?" ಅಂತ ಇಲ್ಲಿ ಕೇಳಿದ್ದೆ, ಕೆಲವರು ಸಲಹೆ ಕೊಟ್ಟಿದ್ದಿರಿ. ಹೋದ ವಾರ ಆಫರ್ ಲೆಟರ್ ಬಂತು!

ಬೇಕಾದ ಸಂಬಳ ಬರೆದ ಚೀಟಿ ಎದುರಿಗಿಟ್ಟು ಜಪಿಸೋದು ನನಗೆ ಆಗಿಬರಲಿಲ್ಲ. ಗಮನವೆಲ್ಲ ಆ ಅಂಕಿ ಮೇಲೇ. "ಜಪ ಮುಗಿದ ತಕ್ಷಣ ಒಂದು ಫೋನ್ ಮಾಡಿ" ಅಂದವರ ಸಲಹೆ ಫಲಿಸಿತು. ಸಂಕೋಚದಿಂದ ನಾನು ಮುಂದೂಡುತ್ತಿದ್ದ ಫೋನನ್ನು ಹಳೇ ಸಹೋದ್ಯೋಗಿಗೆ ಮಾಡಿದೆ, ಅವರೇ ರೆಫರ್ ಮಾಡಿದರು. ಇಂಟರ್‌ವ್ಯೂಗೆ ಮುಂಚೆ ಗಟ್ಟಿಯಾಗಿ ಜಪಿಸಿದ್ದಕ್ಕೆ ಉಸಿರು ಹದಕ್ಕೆ ಬಂತು, ದನಿ ನಡುಗಲಿಲ್ಲ. ಮಂತ್ರವೋ ಉಸಿರಾಟವೋ, ಯಾರಿಗೆ ಗೊತ್ತು!

ಓದುವಾಗ ಸಿಕ್ಕ ಸಂಗತಿ: 1253ರಲ್ಲಿ ಜಪಾನಿನಲ್ಲಿ ಈ ಜಪ ಸಾರಿದ ಬೌದ್ಧ ಗುರು ನಿಚಿರೆನ್‌ಗೆ ಶಿಜೋ ಕಿಂಗೊ ಅನ್ನೋ ಸಮುರಾಯ್ ಶಿಷ್ಯನಿದ್ದ. ಧಣಿ ಮುನಿದು ಜಮೀನು ಕಿತ್ತುಕೊಳ್ಳುವ ಹಂತಕ್ಕೆ ಬಂದಾಗ ಗುರುಗಳು ಸುಮ್ನೆ ಜಪಿಸು ಅನ್ನಲಿಲ್ಲ. ಸಿಟ್ಟು ಹಿಡಿತದಲ್ಲಿಡು ಅಂದರು, ಧಣಿಗೆ ಕೊಡುವ ಮನವಿಯನ್ನೂ ತಾವೇ ಬರೆದುಕೊಟ್ಟರು.