ಲ್ಯಾಪ್‌ಟಾಪ್‌ನಲ್ಲಿ ಓಡುವ ಟೆಸೆರಾಕ್ಟ್ ಲ್ಯಾಬಿನ ಹಳೆ ಡೆಸ್ಕ್‌ಟಾಪ್‌ನಲ್ಲಿ ಯಾಕೆ ಓಡುತ್ತಿಲ್ಲ?

ಪ್ರಶ್ನೆ, ಮಂಡ್ಯದಿಂದ

ನಮಸ್ಕಾರ. ಇಲ್ಲಿನ ಒಂದು ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರಗಳನ್ನು ಓದುವ ಟೆಸೆರಾಕ್ಟ್ ಅನ್ನೋ ಪ್ರೋಗ್ರಾಂನಿಂದ ಓದಿಸಿ ಟೆಕ್ಸ್ಟ್ ಮಾಡುತ್ತಿದ್ದೇವೆ. ಉಬುಂಟು 22.04 ಲಿನಕ್ಸ್ ಜೊತೆ ಸಿಗೋದು ಅದರ 4.1 ವರ್ಷನ್. ನಮಗೆ 5 ಬೇಕಿತ್ತು. ಸೋರ್ಸ್ ಕೋಡ್ ಇಳಿಸಿಕೊಂಡು ನನ್ನ ಹೊಸ ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮಾಡಿದೆ (ಓಡುವ ಪ್ರೋಗ್ರಾಂ ಆಗಿ ಪರಿವರ್ತಿಸಿದೆ), ಚೆನ್ನಾಗಿ ಓಡಿತು. ವೇಗ ಬರಲಿ ಅಂತ -ಎಂಆರ್ಚ್=ನೇಟಿವ್ ಅನ್ನೋ ಫ್ಲ್ಯಾಗ್ ಕೂಡ ಹಾಕಿದ್ದೆ. ಅದನ್ನೇ ಲ್ಯಾಬಿನ ಕೋರ್ 2 ಡ್ಯುಯೋ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಬರುತ್ತೆ. ಅದರಲ್ಲೂ ಉಬುಂಟು 22.04 ಇದೆ. ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’. ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ, ಮೈಸೂರು ಕುವೆಂಪುನಗರದಿಂದ

ಮೇಡಂ, ಎರಡೂ ಎರರ್‌ಗೆ ಕಾರಣ ಬೇರೆ ಬೇರೆ. ಮೊದಲು ಡೆಸ್ಕ್‌ಟಾಪ್ ನೋಡೋಣ.

ನೇಟಿವ್ ಅಂದರೆ ‘ಕಂಪೈಲ್ ಮಾಡುತ್ತಿರುವ ಈ ಪ್ರೊಸೆಸರ್‌ಗೇ ಹೊಂದಿಸು’ ಅಂತ ಅರ್ಥ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎವಿಎಕ್ಸ್2 ಅನ್ನೋ, ಲೆಕ್ಕ ಬೇಗ ಮಾಡುವ ಆಜ್ಞೆಗಳ ಗುಂಪು ಇರುತ್ತೆ. ಅದು ಇಂಟೆಲ್ ಚಿಪ್‌ಗಳಿಗೆ ಬಂದದ್ದೇ 2013ರಲ್ಲಿ. ಕೋರ್ 2 ಡ್ಯುಯೋ ಅದಕ್ಕಿಂತ ಎಷ್ಟೋ ಹಳೆಯದು, ಅದಕ್ಕೆ ಆ ಆಜ್ಞೆಗಳೇ ಗೊತ್ತಿಲ್ಲ. ನಾನೂ ಒಮ್ಮೆ ಇಲ್ಲೇ ಒಂದು ಪ್ರಿಂಟಿಂಗ್ ಪ್ರೆಸ್‌ಗೆ ಹೀಗೇ ಮನೆಯಲ್ಲಿ ಕಂಪೈಲ್ ಮಾಡಿ ಕೊಟ್ಟಿದ್ದೆ. ವರ್ಷನ್ ಕೇಳಿದರೆ ಸರಿಯಾಗಿ ಹೇಳಿತು. ಸದ್ಯ, ಆಯ್ತು ಅಂತ ಹೊರಟು ಬಂದೆ. ಸಂಜೆ ಅವರು ನಿಜವಾದ ಪುಟ ಕೊಟ್ಟಾಗ ನಿಂತುಹೋಯಿತು. ಆ ಆಜ್ಞೆ ಎದುರಾಗುವ ತನಕ ಪ್ರೋಗ್ರಾಂ ಏನೂ ಹೇಳುವುದಿಲ್ಲ. ಹಾಗಾಗಿ ಪ್ರತಿ ಮಷೀನಿನಲ್ಲೂ ಒಂದು ಪೂರ್ತಿ ಪುಟ ಓದಿಸಿಯೇ ಪರೀಕ್ಷೆ ಮಾಡಿ.

ಆ ಫ್ಲ್ಯಾಗ್ ತೆಗೆದು ಬರೀ -ಒ2 (ವೇಗಕ್ಕೆ ಹಾಕುವ ಸಾಮಾನ್ಯ ಫ್ಲ್ಯಾಗ್) ಇಟ್ಟರೆ ಸಾಕು. ವೇಗ ಕಡಿಮೆಯಾಗುತ್ತೆ ಅನ್ನೋ ಚಿಂತೆ ಬೇಡ. ಟೆಸೆರಾಕ್ಟ್ ಓಡುವಾಗಲೇ ಪ್ರೊಸೆಸರ್ ನೋಡಿ, ಎವಿಎಕ್ಸ್ ಇದ್ದರೆ ತಾನೇ ಬಳಸಿಕೊಳ್ಳುತ್ತೆ. ಚಿತ್ರ ತೆರೆಯಲು ಟೆಸೆರಾಕ್ಟ್ ಬಳಸುವ ಲೆಪ್ಟೋನಿಕಾವನ್ನೂ ನೀವೇ ಅದೇ ಫ್ಲ್ಯಾಗ್ ಹಾಕಿ ಕಂಪೈಲ್ ಮಾಡಿದ್ದರೆ ಅದನ್ನೂ ಬದಲಿಸಬೇಕು. 22.04ರಲ್ಲೇ ಲೆಪ್ಟೋನಿಕಾ 1.82 ಸಿಗುತ್ತೆ, ಸುಮ್ನೆ ಅದನ್ನೇ ಹಾಕಿಕೊಳ್ಳಿ.

ಇನ್ನೊಂದು ವಿಷಯ. ಫ್ಲ್ಯಾಗ್ ಬದಲಿಸಿ ಮತ್ತೆ ಮೇಕ್ (ಕಂಪೈಲ್ ನಡೆಸುವ ಕಮಾಂಡ್) ಒತ್ತಿದರೆ ಹಳೆಯ ಆಬ್ಜೆಕ್ಟ್ ಫೈಲ್‌ಗಳು, ಅಂದರೆ ಈಗಾಗಲೇ ಕಂಪೈಲ್ ಆದ ತುಂಡುಗಳು, ಹಾಗೇ ಉಳಿದಿರಬಹುದು. ಅವನ್ನು ಅಳಿಸಲು ಮೊದಲು ಮೇಕ್ ಡಿಸ್ಟ್‌ಕ್ಲೀನ್ ಕೊಡಿ. ಆಮೇಲೆ ಮಷೀನಿಗೊಂದು ಖಾಲಿ ಫೋಲ್ಡರ್ ಮಾಡಿ, ಅದರೊಳಗಿಂದ ಸೆಟ್ಟಿಂಗ್ ಹೊಂದಿಸುವ ಕಾನ್ಫಿಗರ್ ಓಡಿಸಿ. ನನಗೆ ಅತಿ ಹೆಚ್ಚು ಸಮಯ ಉಳಿಸಿದ ಅಭ್ಯಾಸ ಇದು. ಯಾವ ಸೆಟ್ಟಿಂಗ್ ಯಾವ ಮಷೀನಿನದು ಅಂತ ಗೊಂದಲವೇ ಇರಲ್ಲ.

ಉತ್ತರ, ಮೈಸೂರು ವಿಜಯನಗರದಿಂದ

ಪೈ ಬಗ್ಗೆ ನಾನು ಹೇಳ್ತೀನಿ. ಅದು ಎಆರ್‌ಎಂ ಚಿಪ್. ಇಂಟೆಲ್‌ಗೆ ಮಾಡಿದ್ದು ಅಲ್ಲಿ ಶುರುವೇ ಆಗಲ್ಲ. ಫೈಲ್ ಅನ್ನೋ ಕಮಾಂಡ್‌ಗೆ ನಿಮ್ಮ ಟೆಸೆರಾಕ್ಟನ್ನು ಕೊಟ್ಟು ನೋಡಿ, ಎಕ್ಸ್86-64 ಅಂತ ಬರುತ್ತೆ.

ಲ್ಯಾಪ್‌ಟಾಪ್‌ನಲ್ಲೇ ಕುಳಿತು ಪೈಗೆ ಕ್ರಾಸ್ ಕಂಪೈಲ್ ಮಾಡಬಹುದು. ಕಾನ್ಫಿಗರ್‌ನಲ್ಲಿ ‘ಬಿಲ್ಡ್’ ಅಂದರೆ ಕಂಪೈಲ್ ಮಾಡುವ ಮಷೀನ್, ‘ಹೋಸ್ಟ್’ ಅಂದರೆ ಪ್ರೋಗ್ರಾಂ ಓಡಬೇಕಾದ ಮಷೀನ್. ಇವೆರಡನ್ನೂ ಅದಲು ಬದಲು ಮಾಡಿಕೊಳ್ಳುವವರೇ ಜಾಸ್ತಿ. ಆದರೆ ಲೆಪ್ಟೋನಿಕಾ, ಪಿಎನ್‌ಜಿ, ಜೆಪೆಗ್, ಟಿಫ್ ಚಿತ್ರ ಓದುವ ಕೋಡ್ ಎಲ್ಲವೂ ಎಆರ್‌ಎಂ ರೂಪದಲ್ಲಿ ಸಿಗಬೇಕು. ಒಂದೇ ಪೈಗೆ ಅಷ್ಟು ಒದ್ದಾಟ ಬೇಡ. ಪೈನಲ್ಲೇ ಕಂಪೈಲ್ ಮಾಡಿ, ರಾತ್ರಿ ಹಾಕಿ ಮಲಗಿ. ಪೈನ ಓಎಸ್ ಬುಕ್‌ವರ್ಮ್ ಅನ್ನೋ ವರ್ಷನ್ ಆಗಿದ್ದರಂತೂ ಕಂಪೈಲೇ ಬೇಡ, ಅದರ ರೆಪೊಸಿಟರಿಯಲ್ಲೇ (ಸಿದ್ಧ ಪ್ರೋಗ್ರಾಂಗಳ ಸಂಗ್ರಹದಲ್ಲೇ) ಟೆಸೆರಾಕ್ಟ್ 5.3 ಇದೆ. ಕನ್ನಡ ಡೇಟಾ ಕೂಡ ಅಲ್ಲೇ ಇದೆ.

ಮುಂದೆ ಯಾವಾಗಲಾದರೂ ಕ್ರಾಸ್ ಕಂಪೈಲ್ ಮಾಡಿದರೆ ಮಷೀನ್ ಯಾವ ಬಗೆಯದು ಅಂತ ಹೇಳುವ ಯುನೇಮ್ ಕಮಾಂಡ್ ಒಂದನ್ನೇ ನಂಬಬೇಡಿ. ಓಎಸ್‌ನ ತಿರುಳಾದ ಕರ್ನಲ್ 64 ಬಿಟ್ ಇದ್ದು, ಉಳಿದದ್ದೆಲ್ಲ 32 ಬಿಟ್ ಇರುವ ಪೈಗಳಿವೆ. ಡಿಪಿಕೆಜಿ ಅನ್ನೋ ಕಮಾಂಡ್‌ಗೆ ಪ್ರಿಂಟ್ ಆರ್ಕಿಟೆಕ್ಚರ್ ಅಂತ ಕೇಳಿ. ಎಆರ್‌ಎಂ64 ಅಂದರೆ 64, ಎಆರ್‌ಎಂಎಚ್‌ಎಫ್ ಅಂದರೆ 32.

ಉತ್ತರ, ಮದ್ದೂರಿನಿಂದ

ಅಕ್ಕ, ಡೆಸ್ಕ್‌ಟಾಪ್‌ನಲ್ಲೇ ಕಂಪೈಲ್ ಮಾಡೋದಾದರೆ ರ್‍ಯಾಮ್ ನೋಡಿಕೊಳ್ಳಿ. 2 ಜಿಬಿ ಮಷೀನಿನಲ್ಲಿ ಮೇಕ್‌ಗೆ -ಜೆ4 (ಒಟ್ಟಿಗೆ ನಾಲ್ಕು ಕೆಲಸ) ಕೊಟ್ಟು ‘ಕಿಲ್ಡ್’ ಅಂತ ಬಂದಾಗ ನಾನು ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂತಿದ್ದೆ. ಮೆಮೊರಿ ಸಾಲದೆ ಲಿನಕ್ಸೇ ಕಂಪೈಲರನ್ನು ನಿಲ್ಲಿಸಿತ್ತು. -ಜೆ1 ಕೊಟ್ಟ ಮೇಲೆ ನಿಧಾನವಾಗಿ ಮುಗಿಯಿತು. ನಡುವೆ ಕರೆಂಟ್ ಹೋದರೆ ಮತ್ತೆ ಮೇಕ್ ಕೊಡಿ, ಬಿಟ್ಟಲ್ಲಿಂದ ಮುಂದುವರಿಯುತ್ತೆ. ಸೊನ್ನೆ ಸೈಜಿನ ಆಬ್ಜೆಕ್ಟ್ ಫೈಲ್ ಉಳಿದಿದ್ದರೆ ಮಾತ್ರ ಮೊದಲು ಅಳಿಸಿ.

ಮಂಡ್ಯದಿಂದ, ಮರುದಿನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲ್ಯಾಪ್‌ಟಾಪ್‌ನಲ್ಲೇ ಹೊಸ ಫೋಲ್ಡರ್ ಮಾಡಿ, ನೇಟಿವ್ ತೆಗೆದು ಕಂಪೈಲ್ ಮಾಡಿದೆ. ಡೆಸ್ಕ್‌ಟಾಪ್‌ನಲ್ಲಿ ಮೊದಲು ಕನ್ನಡ ಡೇಟಾ ಸಿಗಲಿಲ್ಲ ಅಂತು. ಸೋರ್ಸ್ ಜೊತೆ ಭಾಷೆಯ ಫೈಲ್ ಬರಲ್ಲ ಅಲ್ವಾ, ಅದನ್ನು ಬೇರೆಯಾಗಿ ತಂದು ಟೆಸ್‌ಡೇಟಾ ಫೋಲ್ಡರಿಗೆ ಹಾಕಿದೆ. ಈಗ ಪೂರ್ತಿ ಪುಟ ಓದುತ್ತಿದೆ. ಪೈನಲ್ಲಿ ಬುಕ್‌ವರ್ಮೇ ಇದೆ, ನಾಳೆ ಅಲ್ಲೂ ಹಾಕುತ್ತೇನೆ.