ಪದಚರ್ಚೆ: ‘ಕರ್ವ್ ಮಾಡು’ ಅಂದರೆ ಯಾವುದನ್ನು?

ಅಕ್ಷರಗಳನ್ನು ಬಾಗಿಸಲು ಯಾವ ತಂತ್ರಾಂಶ, ಯಾವ ಪ್ರಿಂಟರ್ ಆರಿಸಬೇಕು ಎಂದು ಹೊಸಬರಿಗಾಗಿ ಪುಟ್ಟ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಕರ್ವ್ ಮಾಡು’ ಎಂಬ ಒಂದೇ ಮಾತಿನಲ್ಲಿ ಕೆಲಸ ಸಿಕ್ಕಿಕೊಂಡಿದೆ. ಬಳಕೆಯಲ್ಲಿ ಅದಕ್ಕೆ ಮೂರು ಅರ್ಥ.

ಒಂದು, ಸಾಲು ಮಾತ್ರ ಬಾಗುವುದು. ಎಳೆದ ಗೆರೆಯ ಮೇಲೆ ಪಠ್ಯವನ್ನು ಕೂರಿಸಿದರೆ ಪ್ರತಿ ಅಕ್ಷರವೂ ನಿಂತಲ್ಲೇ ಓರೆಯಾಗುತ್ತದೆ, ಆಕಾರ ಕೆಡುವುದಿಲ್ಲ. ಇಂಕ್‌ಸ್ಕೇಪ್‌ನ ‘ಪುಟ್ ಆನ್ ಪಾತ್’, ಕೋರೆಲ್‌ಡ್ರಾದ ‘ಫಿಟ್ ಟೆಕ್ಸ್ಟ್ ಟು ಪಾತ್’ ಮಾಡುವುದು ಇದನ್ನೇ. ಇನ್ನೊಂದು, ಅಕ್ಷರದ ಮೈಯೇ ಬಾಗುವುದು; ಫೋಟೋಶಾಪ್‌ನ ‘ವಾರ್ಪ್ ಟೆಕ್ಸ್ಟ್’ ಈ ಬಗೆ. ಮೂರನೆಯದರಲ್ಲಿ ಬಾಗುವ ಪ್ರಶ್ನೆಯೇ ಇಲ್ಲ. ಕೋರೆಲ್‌ಡ್ರಾದ ‘ಕನ್ವರ್ಟ್ ಟು ಕರ್ವ್ಸ್’ ಫಾಂಟಿನ ನಂಟು ಕಳಚಿ ಅಕ್ಷರವನ್ನು ಬರಿಯ ಆಕಾರವಾಗಿಸುತ್ತದೆ. ಅಚ್ಚಿನವರು ‘ಕರ್ವ್ ಮಾಡಿ ಕಳಿಸಿ’ ಅಂದರೆ ಅವರಿಗೆ ಬೇಕಿರುವುದು ಇದು. ಆ ಫಾಂಟ್ ತಮ್ಮಲ್ಲಿ ಇಲ್ಲದಿದ್ದರೂ ಅಕ್ಷರ ಬದಲಾಗಬಾರದಲ್ಲ! ಹೊಸಬರು ಪಾಪ, ಕಮಾನು ಮಾಡಿ ಕಳಿಸಿರುತ್ತಾರೆ.

ಕನ್ನಡದಲ್ಲಿ ಒತ್ತಕ್ಷರಗಳ ತಾಪತ್ರಯ ಬೇರೆ. ಮೇಲಕ್ಕೆ ಉಬ್ಬಿದ ಸಾಲಿನಲ್ಲಿ ತಲೆಕಟ್ಟುಗಳು ದೂರವಾಗುತ್ತವೆ, ಕೆಳಗೆ ಒತ್ತುಗಳು ಒಂದಕ್ಕೊಂದು ಗುದ್ದುತ್ತವೆ. ‘ರಾಷ್ಟ್ರಪ್ರಶಸ್ತಿ’ ಎಂದು ಹಾಕಿ ನೋಡಿ: ‘ಷ್ಟ್ರ’ದ ಒತ್ತುಗಳಿಗೂ ಪಕ್ಕದ ‘ಪ್ರ’ದ ಒತ್ತಿಗೂ ಜಗಳ. ತಂತ್ರಾಂಶವೇನಾದರೂ ಒತ್ತನ್ನು ಬೇರೆ ಅಕ್ಷರವೆಂದು ಎಣಿಸಿತೋ, ಅದು ತನ್ನದೇ ಕೋನದಲ್ಲಿ ತಿರುಗಿ ಮೂಲಾಕ್ಷರದಿಂದ ಸರಿದು ನಿಲ್ಲುತ್ತದೆ. ತಂತ್ರಾಂಶ ಆರಿಸುವಾಗ ಎಫೆಕ್ಟುಗಳ ಉದ್ದ ಪಟ್ಟಿಗಿಂತ ಈ ಒಂದು ಪದ ಒಳ್ಳೆಯ ಪರೀಕ್ಷೆ.

ಪ್ರಿಂಟರ್ ಅಷ್ಟು ತಲೆ ತಿನ್ನುವುದಿಲ್ಲ. ಪಿಡಿಎಫ್‌ನಲ್ಲಿ ಆಕಾರವಾಗಿಯೇ ಹೋದರೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಲೇಸರ್‌ನಲ್ಲೂ ಅಂಚು ನಯವಾಗಿ ಬರುತ್ತದೆ. ಪರದೆಗೆಂದು ಮಾಡಿದ ಸಣ್ಣ ಚಿತ್ರವನ್ನು ಹಿಗ್ಗಿಸಿ ಕಳಿಸಿದರೆ 1200 ಇದ್ದರೂ ಅಂಚು ಮೆಟ್ಟಿಲು ಮೆಟ್ಟಿಲೇ. ಸ್ಟಿಕರ್ ಕತ್ತರಿಸುವ ಪ್ಲಾಟರ್‌ಗಾದರೆ ಮೂರನೆಯ ಅರ್ಥದ ‘ಕರ್ವ್’ ಬೇಕೇ ಬೇಕು. ಜೊತೆಗೆ ಅಕ್ಷರಕ್ಕೆ ತಾಗಿದ ಒತ್ತನ್ನು ಅದಕ್ಕೆ ಬೆಸೆದಿರಬೇಕು. ಇಲ್ಲದಿದ್ದರೆ ಬ್ಲೇಡು ಎರಡೂ ಅಂಚುಗಳ ಮೇಲೆ ಹಾದು, ಅವು ಕೂಡುವ ಕಡೆ ಅಕ್ಷರ ತುಂಡಾಗುತ್ತದೆ.

ಈಗ ಪದಗಳು. ‘ವಕ್ರ’ ಅಂದರೆ ವಕ್ರಬುದ್ಧಿ ಮೊದಲು ನೆನಪಾಗುತ್ತದೆ. ‘ಡೊಂಕು’ ಅಂದರಂತೂ ದೋಷವೇ, ಕುಣಿಯಲಾರದವಳು ನೆಲ ಡೊಂಕು ಅಂದಳಲ್ಲ. ‘ಕಮಾನು’ ಚೆನ್ನಾಗಿದೆ, ಆದರೆ ಅಲೆಯಂತೆ ಏರಿಳಿಯುವ ಸಾಲಿಗೆ ಸಲ್ಲದು. ಸಾಲು ಬಾಗಿದ್ದಕ್ಕೆ ‘ಬಾಗುಸಾಲು’, ಮೂರನೆಯದಕ್ಕೆ ‘ಹೊರಗೆರೆಗೆ ಇಳಿಸು’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಮೈ ಬಾಗಿದ ಅಕ್ಷರಕ್ಕೆ ‘ಬಾಗಕ್ಷರ’ ಹೊಳೆಯಿತು, ಕಿವಿಗೆ ಹಿಡಿಸುತ್ತಿಲ್ಲ. ಇದಕ್ಕಿಂತ ಒಳ್ಳೆಯದು ಯಾರಲ್ಲಾದರೂ ಇದೆಯೇ? ಅಚ್ಚುಮೊಳೆ ಜೋಡಿಸಿ ಗೊತ್ತಿದ್ದವರು ಇಲ್ಲಿದ್ದರೆ, ಬಾಗಿದ ಸಾಲಿಗೆ ಆಗ ಏನೆನ್ನುತ್ತಿದ್ದಿರಿ ಎಂಬುದನ್ನೂ ತಿಳಿಸಿ.